ಶುಗರ್ ಇದ್ದಮೇಲೆ ತಕ್ಕಡಿ ಸಾಲದು, ಟೇಪೂ ಬೇಕು

ಟೈಪ್ 2 ಡಯಾಬಿಟಿಸ್‌ಗೆ ನಾನು ಇಟ್ಟುಕೊಂಡಿರುವ ಸಾಮಾನು ಮೂರು: ದರ್ಜಿಯ ಟೇಪು, ಕೈಯಿಲ್ಲದ ಗಟ್ಟಿ ಕುರ್ಚಿ, ಮೊಬೈಲಿನ ಸ್ಟಾಪ್‌ವಾಚ್. ತೂಕದ ಯಂತ್ರವೂ ಇದೆ, ಆದರೆ ಅದರ ಮಾತಿಗೆ ಕೊನೆಯ ಸ್ಥಾನ.

ಟೇಪು ಹಿಡಿಯುವುದರಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಪ್ಯಾಂಟ್ ಅಥವಾ ಪಂಚೆ ಕಟ್ಟುವ ಜಾಗ ಹೊಟ್ಟೆಯ ಕೆಳಗಿರುತ್ತದೆ, ಅಲ್ಲಿ ಅಳೆದರೆ ಹೊಟ್ಟೆ ಲೆಕ್ಕಕ್ಕೇ ಬರುವುದಿಲ್ಲ. ಪಕ್ಕೆಯಲ್ಲಿ ಕೊನೆಯ ಎಲುಬನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬೆರಳಿನಿಂದ ಹುಡುಕಿ, ಎರಡರ ನಡುಮಧ್ಯೆ ಪೆನ್ನಿನಲ್ಲಿ ಗುರುತು ಹಾಕುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆ, ಬರಿಮೈ, ಸಹಜವಾಗಿ ಉಸಿರು ಬಿಟ್ಟ ಕ್ಷಣ. ಎರಡು ಸಲ ಅಳೆದು, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯುತ್ತೇನೆ. ನಮ್ಮ ದೇಶದವರಿಗೆ ಗಡಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು.

"ನಾನು ಸಣ್ಣಗಿದ್ದೀನಲ್ಲ" ಎನ್ನುವವರಿಗೆ ಒಂದು ಉದಾಹರಣೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಅಳತೆ ಪ್ರಕಟಿಸಿದರು. ಇಬ್ಬರದೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ 9.1%, ಯಾಜ್ಞಿಕ್ ಅವರಿಗೆ 21.2%. ತಕ್ಕಡಿಗೆ ಈ ಭೇದ ಕಾಣುವುದೇ ಇಲ್ಲ.

ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರ ಪಾದದ ಮೂಲಕ ಸಣ್ಣ ಕರೆಂಟ್ ಹರಿಸಿ, ತಡೆ ಎಷ್ಟೆಂದು ನೋಡಿ, ಉಳಿದದ್ದನ್ನು ಸೂತ್ರದಿಂದ ಊಹಿಸುತ್ತದೆ. ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುವ ಕರೆಂಟಿಗೆ ಹೊಟ್ಟೆಯ ಸುದ್ದಿ ಅಷ್ಟಕ್ಕಷ್ಟೆ. ಶುಗರ್ ಏರಿ ಮೂತ್ರ ಹೆಚ್ಚು ಹೋದ ದಿನ ಮೈಯಲ್ಲಿ ನೀರು ಕಡಿಮೆ, ಆಗ ಕೊಬ್ಬು ಹೆಚ್ಚೆಂದು ತೋರಿಸೀತು. ಹಾಗಾಗಿ ದಿನದ ಅಂಕಿ ಬಿಟ್ಟು ತಿಂಗಳ ಸರಾಸರಿ ನೋಡುತ್ತೇನೆ. ಪೇಸ್‌ಮೇಕರ್ ಇದ್ದವರು ಇದರ ಮೇಲೆ ನಿಲ್ಲಲೇಬಾರದು. ಅನ್ನ, ಮುದ್ದೆ ತಗ್ಗಿಸಿದ ಮೊದಲ ವಾರ ಒಂದೂವರೆ-ಎರಡು ಕಿಲೋ ಇಳಿದರೆ ಹಿಗ್ಗಬೇಡಿ, ಹೋದದ್ದು ಬಹುಪಾಲು ಗ್ಲೈಕೋಜನ್ (ಮೈ ಕೂಡಿಟ್ಟ ಗ್ಲೂಕೋಸ್) ಜೊತೆಗಿನ ನೀರು.

ಇನ್ನು ಕುರ್ಚಿ. ಗೋಡೆಗೆ ಒರಗಿಸಿಟ್ಟು, ಕೈ ಎದೆಗೆ ಕಟ್ಟಿ, ಐದು ಸಲ ಎದ್ದು ಕೂರುವುದು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಸ್ನಾಯು ಸೋತಿರುವ ಸೂಚನೆ. ಊಟದ ಗ್ಲೂಕೋಸ್ ಹೀರಿಕೊಳ್ಳುವ ದೊಡ್ಡ ಕಣಜ ಸ್ನಾಯುವೇ. ಅದನ್ನು ಕಳೆದುಕೊಂಡು ಇಳಿಸಿದ ತೂಕ ಲಾಭವಲ್ಲ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ: ಐದು ಲೀಟರ್ ನೀರಿನ ಕ್ಯಾನ್ ಹಿಡಿದು ಕುರ್ಚಿಯಿಂದ ಏಳುವುದು, ಗೋಡೆಗೆ ದಂಡ, ಎರಡೂ 8ರಿಂದ 12 ಸಲ, ಮೂರು ಸುತ್ತು. ಕೊನೆಯ ಎರಡು ಕಷ್ಟವಾಗದಿದ್ದರೆ ಭಾರ ಸಾಲದು. ಉಸಿರು ಕಟ್ಟಿ ಎತ್ತಬೇಡಿ, ರೆಟಿನಾಗೆ ತೊಂದರೆ ಇದ್ದರಂತೂ ಕಣ್ಣಿನ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಊಟವಾದ ಮೇಲೆ 15 ನಿಮಿಷದ ನಡಿಗೆ ಬೇರೆ.

ಮುದ್ದೆ ಎಷ್ಟಾದರೂ ಉಣ್ಣಬಹುದು ಎನ್ನುವ ನಂಬಿಕೆ ನನಗಿಲ್ಲ: 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪಿಷ್ಟಾದಿಗಳು ಸುಮಾರು 67 ಗ್ರಾಂ, ಪ್ರೊಟೀನ್ 7. ಹಿಟ್ಟನ್ನು ಬೇಯಿಸುವ ಮುಂಚೆಯೇ ತೂಗಿ, ಮುದ್ದೆ ಚಿಕ್ಕದು ಮಾಡಿ, ಕಾಳಿನ ಪಾಲು ಹೆಚ್ಚಿಸುತ್ತೇನೆ. ಬಸ್ಸಾರಿನಲ್ಲಿ ಪ್ರೊಟೀನ್ ಉಳಿಯುವುದು ಹೆಚ್ಚಾಗಿ ಪಲ್ಯದ ಕಾಳಿನಲ್ಲೇ, ತಿಳಿಸಾರಿನಲ್ಲಲ್ಲ! ದಿನಕ್ಕೆ ಮೈತೂಕದ ಕಿಲೋಗೆ ಒಂದು ಗ್ರಾಂ ಪ್ರೊಟೀನ್ ನನ್ನ ಗುರಿ. ಒಂದು ಮೊಟ್ಟೆಗೆ 6, 50 ಗ್ರಾಂ ಒಣ ಹುರುಳಿಗೆ 11. ಕಿಡ್ನಿ ಸೋತವರಿಗೆ ಈ ಲೆಕ್ಕ ಹೊಂದದು.

ಊಟ ತಗ್ಗಿಸುವ ಮುಂಚೆ ಮಾತ್ರೆಯ ಚೀಟಿ ಡಾಕ್ಟರಿಗೆ ತೋರಿಸಿ. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಡೋಸ್ ಹಾಗೇ ಇದ್ದರೆ ಶುಗರ್ 70ಕ್ಕಿಂತ ಕೆಳಗೆ ಬಿದ್ದೀತು: ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಡಾಪಾಗ್ಲಿಫ್ಲೋಜಿನ್ (ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆ) ತೆಗೆದುಕೊಳ್ಳುವವರು ಅನ್ನ-ರೊಟ್ಟಿ ಪೂರ್ತಿ ಬಿಟ್ಟರೆ ಶುಗರ್ ಸರಿಯಿದ್ದೂ ಕೀಟೋಆಸಿಡೋಸಿಸ್ (ರಕ್ತ ಆಮ್ಲವಾಗುವ ಅಪಾಯದ ಸ್ಥಿತಿ) ಆಗಬಹುದು.

ಎಚ್‌ಬಿಎ1ಸಿ, ಅಂದರೆ ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ, ಮೂರು ತಿಂಗಳಿಗೊಮ್ಮೆ ಸಾಕು. ಕಬ್ಬಿಣದ ಕೊರತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಹಿಮೋಗ್ಲೋಬಿನ್ ಜೊತೆಗೇ ನೋಡಿ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತ, ಬಾಯಾರಿಕೆಯೂ ಕುರ್ಚಿಯ ಸೆಕೆಂಡೂ ಏರುತ್ತಿದ್ದರೆ ಟೇಪು ಪಕ್ಕಕ್ಕಿಡಿ. ಇನ್ಸುಲಿನ್ ಸಾಲದೆ ಸ್ನಾಯು ಕರಗುತ್ತಿರಬಹುದು, ಆ ವಾರವೇ ಡಾಕ್ಟರ ಹತ್ತಿರ ಹೋಗಿ.