ಕಾಡಾನೆಗೆ ಎಷ್ಟು ಸಾಲು ಬೇಕು?

ಆಟಗಾರರು ಪಾತ್ರಗಳಾಗಿ ಕಥೆ ಆಡುವ ರೋಲ್‌ಪ್ಲೇಯಿಂಗ್ ಆಟದ ಪುಸ್ತಕದವರು ಮಾನ್‌ಸ್ಟರ್‌ಗಳ, ಅಂದರೆ ಎದುರಾಗುವ ಜೀವಿಗಳ, ಲೆಕ್ಕವನ್ನು ಪೂರ್ತಿ ಕೊಡಲಿ, ನಡವಳಿಕೆಗೆ ಎರಡು ಸಾಲು ಇಡಲಿ, ಕುಲಪುರಾಣ ನಮಗೆ ಬಿಡಲಿ. ಕಥೆ ನಡೆಸಿ ಮಾನ್‌ಸ್ಟರ್‌ಗಳನ್ನು ಆಡಿಸುವವನಾಗಿ ನನ್ನ ಬೇಡಿಕೆ ಇಷ್ಟೇ.

ಇಂಥದ್ದೇ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆವೃತ್ತಿಯ ಆನೆಯನ್ನೇ ನೋಡಿ. ಆರ್ಮರ್ ಕ್ಲಾಸ್ (ಪೆಟ್ಟು ತಾಗಲು ಮುಟ್ಟಬೇಕಾದ ಅಂಕಿ) 12, ಹಿಟ್ ಪಾಯಿಂಟ್ (ತಾಳಬಲ್ಲ ಪೆಟ್ಟು) 76, ವೇಗ ಸುತ್ತಿಗೆ 40 ಅಡಿ. 20 ಅಡಿ ನೇರವಾಗಿ ನುಗ್ಗಿ ದಂತದಿಂದ ತಿವಿದರೆ ಎದುರಿನವರು 12ರ ಸ್ಟ್ರೆಂತ್ ಸೇವ್ ಹಾಕಬೇಕು, ಅಂದರೆ ಡೈಸ್ ಹಾಕಿ ಬಲದ ಅಂಕಿ ಸೇರಿಸಿ 12 ಮುಟ್ಟಬೇಕು. ತಪ್ಪಿದರೆ ನೆಲಕ್ಕೆ, ಅದರ ಮೇಲೆ ತುಳಿತ. ಇದನ್ನೆಲ್ಲ ನಾವೇ ಹೊಂದಿಸಲು ಹೊರಟರೆ ಒಂದು ಸಂಜೆ ಹೋಗುತ್ತದೆ, ತಂಡಕ್ಕೆ ಭಾರವಾಯಿತೋ ಹಗುರವಾಯಿತೋ ಆಡಿಸುವ ತನಕ ತಿಳಿಯುವುದಿಲ್ಲ. ಅಂಕಿಗೆ ದುಡ್ಡು ಕೊಡಬಹುದು.

ಆದರೆ ಆನೆ ಯಾವಾಗ ನುಗ್ಗುತ್ತದೆ, ಯಾವಾಗ ಹಿಂದೆ ಸರಿಯುತ್ತದೆ ಎಂಬುದಕ್ಕೆ ಅಲ್ಲಿ ಒಂದು ಸಾಲೂ ಇಲ್ಲ. ಕೊಡಗಿನ ಸಿದ್ದಾಪುರ ಕಡೆಯ ಹುಡುಗರ ಮುಂದೆ ಆನೆಯನ್ನು ಕೊನೆಯ ಹಿಟ್ ಪಾಯಿಂಟ್‌ವರೆಗೂ ನಿಲ್ಲಿಸಿ ಹೊಡೆದಾಡಿಸಿ ನೋಡಿ, ನಗುತ್ತಾರೆ. ಹಲಸಿನ ಕಾಲದಲ್ಲಿ ಕಾಫಿ ತೋಟಕ್ಕೆ ಇಳಿಯುವ ಆನೆ ಹಣ್ಣಿಗೆ ಬಂದಿರುತ್ತದೆ.

ಇದಕ್ಕೆ ಮದ್ದು ಇದೇ ಆಟದ 1981ರ ಬೇಸಿಕ್ ನಿಯಮದಲ್ಲೇ ಇದೆ: ಪ್ರತಿ ಮಾನ್‌ಸ್ಟರ್‌ಗೂ 2ರಿಂದ 12ರೊಳಗೆ ಒಂದು ಮೊರೇಲ್ (ಎದೆಗಾರಿಕೆ) ಅಂಕಿ. ಗುಂಪಿನಲ್ಲಿ ಮೊದಲನೆಯದು ಸತ್ತಾಗ, ಮತ್ತೆ ಅರ್ಧ ಗುಂಪು ಉರುಳಿದಾಗ, ಆರು ಮುಖದ ಎರಡು ಡೈಸ್ ಹಾಕುವುದು. ಮೊತ್ತ ಆ ಅಂಕಿ ದಾಟಿದರೆ ಓಟ. ಗಾಬ್ಲಿನ್ ಎಂಬ ಕುಳ್ಳ ಮಾನ್‌ಸ್ಟರ್‌ಗೆ 7, ಅಂದರೆ ನೂರಕ್ಕೆ ಸುಮಾರು 42 ಸಲ ಕಾಲ್ಕೀಳುತ್ತದೆ.

ನಾನು ಆನೆಗೆ ಕೊಡುವುದು 8. ಒಂಟಿ ಪ್ರಾಣಿಯಾದ್ದರಿಂದ ಮೊದಲ ಪೆಟ್ಟಿಗೊಮ್ಮೆ, ಹಿಟ್ ಪಾಯಿಂಟ್ 38ಕ್ಕೆ ಇಳಿದಾಗ ಇನ್ನೊಮ್ಮೆ ಪರೀಕ್ಷೆ. ಪಟಾಕಿ, ಪಂಜು ತೋರಿಸಿದರೆ 6. ಓಡುವ ಸಾಧ್ಯತೆ ನೂರಕ್ಕೆ 28ರಿಂದ 58ಕ್ಕೆ ಏರುತ್ತದೆ. ಜೊತೆಯಲ್ಲಿ ಮರಿ ಇದ್ದರೆ ಅಂಕಿ 10, ಆಗ ಓಡುವುದು ನೂರಕ್ಕೆ ಬರೀ 8 ಸಲ. ಮರಿಯನ್ನು ಮೊದಲೇ ಗಮನಿಸಿದವರು ಬದುಕುತ್ತಾರೆ. ಹಾಗಾಗಿ ಅದರ ಸುಳಿವನ್ನು, ಹೆಜ್ಜೆಯನ್ನೋ ಲದ್ದಿಯನ್ನೋ, ಮೊದಲೇ ಕೊಡಬೇಕು; ಇಲ್ಲದಿದ್ದರೆ ಆಟಗಾರರಿಗೆ ಮೋಸ.

ಇದೆಲ್ಲ ಪೋಸ್ಟ್‌ಕಾರ್ಡ್ ಅಳತೆಯ ರಟ್ಟಿನಲ್ಲಿ ನಾಲ್ಕು ಸಾಲು: ರಕ್ಷಣೆ, ಹೊಡೆತ, ಬೇಕಾದದ್ದು, ಓಡುವ ಅಂಕಿ. ಮಳೆಗಾಲದಲ್ಲಿ ಕರೆಂಟು ಹೋಗಿ ಫೋನ್ ಸತ್ತರೂ ಆಟ ನಿಲ್ಲುವುದಿಲ್ಲ.

ಮಂತ್ರವಾದಿ ಮಾನ್‌ಸ್ಟರ್‌ಗೆ ಮಾತ್ರ ರಟ್ಟಿನ ಹಿಂಬದಿಯೂ ಬೇಕು. 2014ರ ಪುಸ್ತಕದಲ್ಲಿ ಲಿಚ್‌ಗೆ (ಸತ್ತೂ ಸಾಯದ ಮಂತ್ರವಾದಿ) ಮಂತ್ರಗಳ ಹೆಸರಿನ ಪಟ್ಟಿ ಇದೆ, ವಿವರ ಮಾತ್ರ ಆಟಗಾರರ ಪುಸ್ತಕದಲ್ಲಿ. ಕಾದಾಟದ ನಡುವೆ ಪುಟ ತಿರುವುತ್ತ ಕೂತರೆ ಎದುರಿನವರು ಕಾಫಿ ಕುಡಿಯಲು ಎದ್ದುಹೋಗುತ್ತಾರೆ. ಕಾದಾಟ ನಾಲ್ಕೈದು ಸುತ್ತಿಗಿಂತ ಹೆಚ್ಚು ಎಳೆಯುವುದು ಕಡಿಮೆ, ಹಾಗಾಗಿ ಮೂರು ಮಂತ್ರ ಸಾಕು. ಬೆಂಕಿ ಸಿಡಿಸುವ ಫೈರ್‌ಬಾಲ್ ಆದರೆ: 150 ಅಡಿ ದೂರ, 20 ಅಡಿ ತ್ರಿಜ್ಯ, ಆರು ಮುಖದ 8 ಡೈಸ್ ಪೆಟ್ಟು, ಡೆಕ್ಸ್‌ಟೆರಿಟಿ (ಚುರುಕುತನ) ಸೇವ್ 20, ಗೆದ್ದವರಿಗೆ ಅರ್ಧ ಪೆಟ್ಟು.