ಹಾಸಿಗೆಯೊಳಗಿನ ಹುಳ, ಮಲೆನಾಡಿನ ತೇವ: ನನ್ನ ಅನುಭವ

ಮಗಳ ಮೂಗಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಮೂಡಿತ್ತು. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಬಿದ್ದ ಗೆರೆ. ಆಗ ಅವಳಿಗೆ ಏಳು ವರ್ಷ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಒಂದರ ಹಿಂದೊಂದು ಹತ್ತು ಹನ್ನೆರಡು ಸೀನು. ರಾತ್ರಿ ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದಳು. ಮಳೆ ಜೋರಾದ ದಿನಗಳಲ್ಲಿ ಎದೆಯಿಂದ ಸುಯ್ ಸುಯ್ ಅನ್ನುವ ಸದ್ದು ಬರುತ್ತಿತ್ತು. ಆ ಸದ್ದು ಕೇಳಿದ ತಾಯಿಗೆ ನಿದ್ದೆ ಹತ್ತುವುದಿಲ್ಲ.

ನಮ್ಮ ಮನೆಯವರಿಗೆ ಬ್ಯಾಂಕಿನಲ್ಲಿ ವರ್ಗವಾಗಿ 2021ರ ಜೂನ್‌ನಲ್ಲಿ ನಾವು ವಿಜಯಪುರದಿಂದ ತೀರ್ಥಹಳ್ಳಿಗೆ ಬಂದೆವು. ಹಂಚಿನ ಬಾಡಿಗೆ ಮನೆ. ಸಾಮಾನೆಲ್ಲ ಲಾರಿಯಲ್ಲಿ ಬಂತು. ನನ್ನ ಮದುವೆಗೆ ಅವ್ವ ಮಾಡಿಸಿಕೊಟ್ಟ ಬೂರುಗದ ಹತ್ತಿಯ ದಪ್ಪ ಹಾಸಿಗೆ, ದಿಂಬು, ಎರಡು ಕೌದಿ, ಎಲ್ಲವೂ. ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿ ಸೇರಿಕೊಂಡೆ.

ಮಗಳಿಗೆ ಸೀನು ಶುರುವಾದಾಗ ಡಾಕ್ಟರು 'ಧೂಳಿನ ಅಲರ್ಜಿ ಇರಬಹುದು' ಅಂದರು. ಅಷ್ಟೇ ಸಾಕಾಯಿತು. ನಾನು ಪೊರಕೆ ಹಿಡಿದೆ. ದಿನಕ್ಕೆ ಎರಡು ಸಲ ಗುಡಿಸಿದೆ. ಜಂತಿಯ ಜೇಡರ ಬಲೆ ತೆಗೆದೆ. ಮಲಗುವ ಮುಂಚೆ ಹಾಸಿಗೆಯನ್ನು ಪಟಪಟ ಬಡಿದು ಹಾಸಿದೆ. ಗಾಳಿ ಶುದ್ಧ ಮಾಡುವ ಯಂತ್ರಕ್ಕೆ ಹನ್ನೊಂದು ಸಾವಿರ ಕೊಟ್ಟೆವು. ಒಂದು ವರ್ಷ ಹೀಗೇ ಹೋಯಿತು. ಸೀನು ಕಡಿಮೆಯಾಗಲಿಲ್ಲ. ಹಾಸಿಗೆ ಬಡಿದ ರಾತ್ರಿ ಜಾಸ್ತಿಯೇ ಆಗುತ್ತಿತ್ತು, ಅದು ನನಗೆ ಹೊಳೆಯಲಿಲ್ಲ.

2022ರ ಮೇ ರಜೆಗೆ ವಿಜಯಪುರಕ್ಕೆ ಹೋದೆವು. ಅಲ್ಲಿಯ ಬೇಸಿಗೆ ಧೂಳು ಗೊತ್ತಲ್ವಾ? ಮಧ್ಯಾಹ್ನ ಸುಂಟರಗಾಳಿ ಎದ್ದರೆ ಅನ್ನದ ತಟ್ಟೆಯಲ್ಲೂ ಮಣ್ಣು. ಮಗಳಿಗೆ ಏನಾಗುತ್ತೋ ಅಂತ ಔಷಧಿ ಚೀಲ ತುಂಬಿಕೊಂಡು ಹೋಗಿದ್ದೆ. ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಅಜ್ಜಿ ಪಕ್ಕ ಮಲಗಿದಳು. ನಾಲ್ಕನೇ ದಿನಕ್ಕೆ ಮೂಗು ಬಿಟ್ಟಿತು. ಹತ್ತನೇ ದಿನ ಅವ್ವ ಅಂದಳು, "ಇಲ್ಲಿ ಇಷ್ಟ ಧೂಳ ಅದ, ಕೂಸು ಒಂದ್ ಸಲಾನೂ ಸೀನಲಿಲ್ಲ ನೋಡು."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಧೂಳೇ ಕಾರಣ ಆಗಿದ್ದರೆ ವಿಜಯಪುರದಲ್ಲಿ ಅವಳು ಏಳಲಾರದೆ ಮಲಗಬೇಕಿತ್ತು.

ತೀರ್ಥಹಳ್ಳಿಗೆ ವಾಪಸ್ ಬಂದು ವಾರದೊಳಗೆ ಮತ್ತೆ ಶುರು. ಶಿವಮೊಗ್ಗದಲ್ಲಿ ಅಲರ್ಜಿ ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಚರ್ಮದ ಪರೀಕ್ಷೆ ಮಾಡಿದರು. ಸೀನಿನ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಲು ಹೇಳಿದ್ದರು, ಇಲ್ಲದಿದ್ದರೆ ಫಲಿತಾಂಶ ಸರಿಯಾಗಿ ಬರುವುದಿಲ್ಲವಂತೆ. ಮುಂಗೈ ಒಳಭಾಗಕ್ಕೆ ಸಾಲಾಗಿ ಹನಿ ಇಟ್ಟು ಮೆಲ್ಲಗೆ ಚುಚ್ಚುತ್ತಾರೆ. ಕಾಲು ಗಂಟೆ ಕಾಯಬೇಕು. ಎಲ್ಲಿ ಸೊಳ್ಳೆ ಕಚ್ಚಿದ ಹಾಗೆ ಉಬ್ಬುತ್ತದೋ ಅದು ಆಗದ ವಸ್ತು. ಮಗಳಿಗೆ ಪರಾಗದ ಹನಿಗಳೆಲ್ಲ ಸುಮ್ಮನಿದ್ದವು. ಜಿರಲೆಯದ್ದು ಸ್ವಲ್ಪ ಉಬ್ಬಿತು. ಧೂಳು ಹುಳದ ಹನಿ ಇಟ್ಟ ಜಾಗ ಎಂಟು ಮಿಲಿಮೀಟರ್ ಉಬ್ಬಿ ಕೆಂಪಾಯಿತು.

ಡಾಕ್ಟರು ಸ್ಕೇಲ್ ಇಟ್ಟು ಅಳೆದು, "ಮನೆ ಗುಡಿಸೋದು ಬಿಡಿ ಮೇಡಂ, ಮಗು ಮಲಗೋ ಹಾಸಿಗೆ ನೋಡಿ" ಅಂದರು.

ವಿಜ್ಞಾನದ ಟೀಚರ್ ಆಗಿ ನಾನು ಆವತ್ತೇ ಓದಲು ಕೂತೆ. ಧೂಳು ಹುಳ ಅಥವಾ ಮೈಟ್ ಅನ್ನುವುದು ಜೇಡನ ಬಳಗದ್ದು, ಎಂಟು ಕಾಲು. ಉದ್ದ ಸುಮಾರು 0.3 ಮಿಲಿಮೀಟರ್. ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ಅಲರ್ಜಿ ತರುವುದರಲ್ಲಿ ಮುಖ್ಯವಾದದ್ದು ಅದರ ಹಿಕ್ಕೆಯಲ್ಲಿರುವ ಪ್ರೋಟೀನ್. ಮನೆಧೂಳಿನ ಅಲರ್ಜಿಗೆ ಈ ಹುಳವೇ ಕಾರಣ ಅಂತ 1964ರಲ್ಲಿ ನೆದರ್ಲೆಂಡ್ಸಿನ ವೋರ್‌ಹಾರ್ಸ್ಟ್ ಮತ್ತು ಸ್ಪೀಕ್ಸ್‌ಮಾ ತೋರಿಸಿಕೊಟ್ಟರು. ಅದೂ ಮಳೆ, ತೇವ ಜಾಸ್ತಿ ಇರುವ ದೇಶ.

ಇದರಲ್ಲಿ ನನ್ನ ಕಣ್ಣು ತೆರೆಸಿದ ಸಂಗತಿ ಒಂದೇ. ಈ ಹುಳ ನೀರು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವವನ್ನೇ ಮೈಗೆ ಹೀರಿಕೊಂಡು ಬದುಕುತ್ತದೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗೆ ತುಂಬಾ ದಿನ ಇದ್ದರೆ ಒಣಗಿ ಸಾಯುತ್ತದೆ. ಅವ್ವನ ಮಾತಿಗೆ ಉತ್ತರ ಇಲ್ಲಿತ್ತು. ತೇವ ಅಳೆಯುವ ಪುಟ್ಟ ಮೀಟರ್ ನಾನೂರು ರೂಪಾಯಿಗೆ ತರಿಸಿ ಮಗಳ ಕೋಣೆಯಲ್ಲಿ ಇಟ್ಟೆ. ಜುಲೈನಲ್ಲಿ 91 ತೋರಿಸಿತು. ಮುಂದಿನ ಮೇ ತಿಂಗಳು ಅದನ್ನೇ ವಿಜಯಪುರಕ್ಕೆ ಒಯ್ದೆ. ಮಧ್ಯಾಹ್ನ 32.

ಆದರೂ ಕಣ್ಣಾರೆ ನೋಡಬೇಕು ಅನ್ನಿಸಿತು. ಹಾಸಿಗೆಯ ಅಂಚಿನ ಹೊಲಿಗೆಯೊಳಗೆ ಪೇಂಟ್ ಬ್ರಷ್ ಆಡಿಸಿ ಅರ್ಧ ಚಮಚೆಯಷ್ಟು ಧೂಳು ಕೆರೆದೆ. ಬೂದಿ ಬಣ್ಣ, ಮುಟ್ಟಿದರೆ ಹಿಟ್ಟಿನ ಹಾಗೆ. ಅದನ್ನು ಒಂದು ಲೋಟ ಗಟ್ಟಿ ಉಪ್ಪುನೀರಿಗೆ ಹಾಕಿ ಕಲಸಿ ಬಿಟ್ಟೆ. ಮರಳು, ಮಣ್ಣು ತಳಕ್ಕೆ ಹೋಗುತ್ತದೆ, ಹಗುರಾದದ್ದು ಮೇಲೆ ತೇಲುತ್ತದೆ. ಮೇಲಿನ ಒಂದು ಹನಿಯನ್ನು ಸ್ಲೈಡಿಗೆ ಹಾಕಿ ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೂರು ಪಟ್ಟು ದೊಡ್ಡದು ಮಾಡಿ ನೋಡಿದೆ. ಮೊದಲೆರಡು ಹನಿಯಲ್ಲಿ ಬರೀ ಹತ್ತಿಯ ನಾರು. ಮೂರನೆಯದರಲ್ಲಿ ಸಿಕ್ಕಿತು. ಸಾಬಕ್ಕಿ ಬೆಂದಾಗ ಆಗುತ್ತದಲ್ಲ, ಹಾಗೆ ಮಸುಕು ಬಿಳಿ, ಗುಂಡಗಿನ ಮೈ. ಹಿಂಬದಿಯಲ್ಲಿ ಉದ್ದನೆಯ ಎರಡು ಕೂದಲು. ಕಾಲು ಮೆಲ್ಲಗೆ ಅಲುಗುತ್ತಿತ್ತು. ಪಕ್ಕದಲ್ಲೇ ಇನ್ನೂ ಮೂರು. ಏಳು ವರ್ಷದ ನನ್ನ ಕೂಸು ಪ್ರತಿ ರಾತ್ರಿ ಇದರ ಮೇಲೆ ಮುಖ ಇಟ್ಟು ಮಲಗಿದ್ದಳಲ್ಲ ಅಂತ ಸಂಕಟವಾಯಿತು.

ಬೂರುಗದ ಹಾಸಿಗೆಯನ್ನು ಬಿಡಲೇಬೇಕಾಯಿತು. ಅವ್ವನಿಗೆ ಫೋನಿನಲ್ಲಿ ಹೇಳುವಾಗ ನನಗೆ ಗಂಟಲು ಕಟ್ಟಿತು. ಬಿಸಿಲಿಗೆ ಹಾಕಿದರೆ ಸಾಲದೇ ಅಂತ ಕೇಳಿದಳು. ವಿಜಯಪುರದ ಬಿಸಿಲಿಗೆ ಸಾಕಾಗುತ್ತಿತ್ತೇನೋ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಇಲ್ಲ. ಬಿಸಿಲಿದ್ದರೂ ಆರು ಇಂಚು ದಪ್ಪದ ಹಾಸಿಗೆಯಲ್ಲಿ ಮೇಲಿನ ಪದರ ಕಾಯುತ್ತದೆ, ಹುಳ ಒಳಕ್ಕೆ ಸರಿಯುತ್ತದೆ. ಸತ್ತ ಹುಳ, ಹಿಕ್ಕೆ ಅಲ್ಲೇ ಉಳಿಯುತ್ತದೆ, ಅಲರ್ಜಿಗೆ ಅದೂ ಸಾಕು.

ಹೊಸದಾಗಿ ತೆಳು ಕಾಯರ್ ಹಾಸಿಗೆ ತಂದೆವು. ತಂದ ದಿನವೇ, ಒಂದು ರಾತ್ರಿಯೂ ಮಲಗುವ ಮುಂಚೆ, ಆರೂ ಕಡೆ ಮುಚ್ಚಿ ಜಿಪ್ ಎಳೆಯುವ ಮೈಟ್ ತಡೆಯುವ ಕವರ್ ಹಾಕಿದೆ. ದಿಂಬಿಗೂ ಅದೇ. ಈ ಕವರಿನ ನೇಯ್ಗೆ ತೀರಾ ಒತ್ತು, ಗಾಳಿ ಆಡುತ್ತದೆ, ಹುಳ ಮತ್ತು ಹಿಕ್ಕೆ ದಾಟುವುದಿಲ್ಲ. ಮೊದಲು ಅಗ್ಗಕ್ಕೆ ಸಿಕ್ಕಿತು ಅಂತ ಪ್ಲಾಸ್ಟಿಕ್ಕಿನದು ತಂದಿದ್ದೆ. ಮಗಳು ಬೆವರಿ ಮಧ್ಯರಾತ್ರಿ ಎದ್ದು ಕೂರುತ್ತಿದ್ದಳು, ವಾರದಲ್ಲಿ ತೆಗೆದೆ. ದುಡ್ಡು ಸ್ವಲ್ಪ ಇದ್ದರೆ ಮೊದಲು ಖರ್ಚು ಮಾಡಬೇಕಾದದ್ದು ಈ ಬಟ್ಟೆಯ ಕವರಿಗೇ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಒಗೆಯುವುದು. ಹುಳ ಸಾಯಲು ನೀರು 60 ಡಿಗ್ರಿ ಇರಬೇಕು. ತಣ್ಣೀರಲ್ಲಿ ಒಗೆದರೆ ಹಿಕ್ಕೆ ಒಂದಷ್ಟು ತೊಳೆದು ಹೋಗುತ್ತದೆ, ಹುಳ ಬದುಕಿಯೇ ಇರುತ್ತದೆ. ಶಾಲೆಯ ಲ್ಯಾಬಿನ ಥರ್ಮಾಮೀಟರ್ ತಂದು ನಮ್ಮ ಗೀಸರಿನ ನೀರು ಅಳೆದೆ. ಬಕೆಟ್ಟಿಗೆ ಬಿದ್ದಾಗ 49. ಆಗ ಬಚ್ಚಲು ಮನೆಯ ಹಂಡೆ ನೆನಪಾಯಿತು. ಮಲೆನಾಡಿನ ಮನೆಗಳಲ್ಲಿ ಅದು ಇದ್ದೇ ಇರುತ್ತದಲ್ಲ, ನಾವು ಬಳಸುತ್ತಿರಲಿಲ್ಲ ಅಷ್ಟೆ. ಈಗ ಪ್ರತಿ ಭಾನುವಾರ ಒಲೆ ಹಚ್ಚಿ ಹಂಡೆ ಕಾಯಿಸುತ್ತೇನೆ. ದೊಡ್ಡ ಟಬ್ಬಿನಲ್ಲಿ ಹಾಸಿಗೆ ಬಟ್ಟೆ, ಹೊದಿಕೆ, ದಿಂಬಿನ ಗವಸು ಹಾಕಿ ಕುದಿನೀರು ಸುರಿದು ಮುಚ್ಚುತ್ತೇನೆ. ಸುರಿದಾಗ 72, ಕಾಲು ಗಂಟೆ ಬಿಟ್ಟು ನೋಡಿದರೆ 62. ಆಮೇಲೆ ಮಾಮೂಲಿ ಸೋಪಿನಲ್ಲಿ ಒಗೆತ. ಕುದಿನೀರು ಸುರಿಯುವ ಹೊತ್ತಿಗೆ ಮಕ್ಕಳು ಬಚ್ಚಲಿಗೆ ಬರದಂತೆ ಚಿಲಕ ಹಾಕಿಕೊಳ್ಳಿ. ಒಲೆಯ ಹೊಗೆಯೂ ಮಗಳಿಗೆ ಆಗದು, ಆ ಹೊತ್ತಿಗೆ ಅವಳನ್ನು ಪಕ್ಕದ ಮನೆಗೆ ಆಟಕ್ಕೆ ಕಳಿಸುತ್ತೇನೆ.

ಗೊಂಬೆಗಳದ್ದು ಬೇರೆ ಕಥೆ. ಅವಳ ಕರಡಿ ಗೊಂಬೆಗೆ ಬಿಸಿನೀರು ಹಾಕಿದರೆ ಹಾಳು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ದಿನ ಪೂರ್ತಿ ಫ್ರೀಜರಿನಲ್ಲಿ ಇಟ್ಟು, ಆಮೇಲೆ ತಣ್ಣೀರಲ್ಲಿ ಹಿಂಡಿ ಒಣಗಿಸುತ್ತೇವೆ. 'ಕರಡಿಗೆ ಚಳಿ ಆಗಲ್ವಾ' ಅಂತ ಮೊದಲ ಸಲ ಅತ್ತಳು. ಈಗ ಅವಳೇ ಕಟ್ಟಿ ಒಳಗಿಡುತ್ತಾಳೆ. ಉಳಿದ ಗೊಂಬೆಗಳನ್ನು ಮಂಚದಿಂದ ದೂರ, ಗಾಜಿನ ಕಪಾಟಿಗೆ ಸೇರಿಸಿದೆವು.

ತೇವದ ಜೊತೆಗಿನ ಜಗಳ ಇನ್ನೂ ಮುಗಿದಿಲ್ಲ. ಜಡಿಮಳೆಯಲ್ಲಿ ಒದ್ದೆ ಬಟ್ಟೆಯನ್ನು ಮಗಳ ಕೋಣೆಯಲ್ಲೇ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ. ಅದನ್ನು ಮೊದಲು ನಿಲ್ಲಿಸಿದೆ, ಈಗ ಬಟ್ಟೆಗೆ ಹಿಂದಿನ ಜಗಲಿ. ಬೀರು ಗೋಡೆಗೆ ಅಂಟಿಕೊಂಡಿತ್ತು, ಸರಿಸಿ ನೋಡಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಮಾಸ್ಕ್ ಹಾಕಿಕೊಂಡು ಸೋಪು ನೀರಿನಿಂದ ಉಜ್ಜಿ ತೆಗೆದು ಬೀರುವನ್ನು ಒಂದು ಗೇಣು ಮುಂದಕ್ಕೆ ಇಟ್ಟೆವು. ಬೆಳಿಗ್ಗೆ ಎದ್ದ ಕೂಡಲೇ ಹೊದಿಕೆ ಮಡಚಿ ಹಾಸಿಗೆಗೆ ಮುಚ್ಚುವ ಅಭ್ಯಾಸವನ್ನೂ ಬಿಟ್ಟೆ. ಮೈಯ ಬೆವರು ಆರಲಿ ಅಂತ ಒಂದೆರಡು ಗಂಟೆ ಹರವಿ ಬಿಡುತ್ತೇನೆ.

ಎರಡನೇ ವರ್ಷ ಗಾಳಿಯಿಂದ ನೀರು ಹೀರುವ ಯಂತ್ರ ತಂದೆವು, ಡಿಹ್ಯೂಮಿಡಿಫೈಯರ್. ಕಿಟಕಿ ಬಾಗಿಲು ಹಾಕಿ ರಾತ್ರಿಯಿಡೀ ಓಡಿಸಿದರೆ ಬೆಳಿಗ್ಗೆ ಟ್ಯಾಂಕಿನಲ್ಲಿ ಮೂರು ಲೀಟರ್ ನೀರು ಇರುತ್ತದೆ. ಆ ನೀರು ನೋಡಿದಾಗಲೆಲ್ಲ, ಇಷ್ಟೂ ಹಾಸಿಗೆಗೆ ಹೋಗುತ್ತಿತ್ತಲ್ಲ ಅನ್ನಿಸುತ್ತದೆ. ಹಂಚಿನ ಸಂದಿಯಿಂದ ತೇವ ಬರುತ್ತಲೇ ಇರುವುದರಿಂದ ಜುಲೈನಲ್ಲಿ 50ಕ್ಕೆ ಇಳಿಸಲು ಆಗಲಿಲ್ಲ, 62ರ ಹತ್ತಿರ ನಿಲ್ಲುತ್ತದೆ. ಕರೆಂಟು ಹೋದ ದಿನ ಅದೂ ಇಲ್ಲ. ಆದರೂ 91ಕ್ಕೂ 62ಕ್ಕೂ ವ್ಯತ್ಯಾಸ ಇದೆ.

ಗಾಳಿ ಶುದ್ಧ ಮಾಡುವ ಯಂತ್ರ ಯಾಕೆ ಕೆಲಸಕ್ಕೆ ಬರಲಿಲ್ಲ ಅನ್ನುವುದೂ ಆಮೇಲೆ ತಿಳಿಯಿತು. ಮೈಟ್‌ನ ಹಿಕ್ಕೆ ಭಾರ. ಬಡಿದಾಗ ಮೇಲೇಳುತ್ತದೆ, ಅರ್ಧ ಗಂಟೆಯೊಳಗೆ ಮತ್ತೆ ಕೆಳಗೆ ಕೂರುತ್ತದೆ. ಯಂತ್ರ ಎಳೆದುಕೊಳ್ಳುವ ಮುಂಚೆಯೇ ದಿಂಬಿನ ಮೇಲೆ ಮುಖ ಇಟ್ಟವರ ಮೂಗಿಗೆ ಹೋಗಿರುತ್ತದೆ. ಈಗ ಗುಡಿಸುವುದೂ ಕಡಿಮೆ. ಮಗಳು ಶಾಲೆಗೆ ಹೋದ ಮೇಲೆ ಒದ್ದೆ ಬಟ್ಟೆಯಿಂದ ನೆಲ, ಮಂಚದ ಕಾಲು, ಕಿಟಕಿ ಒರೆಸುತ್ತೇನೆ.

ಜಿರಲೆಗೆ ರಟ್ಟಿನ ಡಬ್ಬಗಳನ್ನೆಲ್ಲ ಹೊರಗೆ ಹಾಕಿ, ರಾತ್ರಿ ಸಿಂಕು ಒಣಗಿಸಿದೆ, ಅಲ್ಲಲ್ಲಿ ಜೆಲ್ ಇಟ್ಟೆ. ಸೊಳ್ಳೆ ಬತ್ತಿ ನಿಲ್ಲಿಸಿದ್ದು ದೊಡ್ಡ ಬದಲಾವಣೆ. ಒಂದು ಬತ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆ ಅಂತ 2003ರ ಒಂದು ಅಧ್ಯಯನ ಹೇಳುತ್ತದೆ. ನಾವು ಅದನ್ನು ಉಬ್ಬಸ ಇರುವ ಮಗುವಿನ ಮಂಚದ ಕೆಳಗೆ ಹಚ್ಚುತ್ತಿದ್ದೆವು. ಈಗ ಸೊಳ್ಳೆ ಪರದೆ ಕಟ್ಟುತ್ತೇವೆ, ಹದಿನೈದು ದಿನಕ್ಕೊಮ್ಮೆ ಒಗೆಯುತ್ತೇವೆ.

ಒಂದು ಮಾತು ಒತ್ತಿ ಹೇಳಬೇಕು. ಇದೆಲ್ಲ ಮಾಡುವಾಗ ಮೂಗಿನ ಸ್ಪ್ರೇ, ಇನ್‌ಹೇಲರ್ ಯಾವುದನ್ನೂ ನಾನೇ ನಿಲ್ಲಿಸಲಿಲ್ಲ. ಮೂರು ತಿಂಗಳಿಗೊಮ್ಮೆ ಡಾಕ್ಟರೇ ಎದೆ ನೋಡಿ ಡೋಸ್ ಇಳಿಸುತ್ತಾ ಬಂದರು. ಹಾಸಿಗೆ ಬದಲಾಯಿಸಿದ ಉತ್ಸಾಹದಲ್ಲಿ ಮಗುವಿನ ಔಷಧಿ ಬಿಡಬೇಡಿ, ದಯವಿಟ್ಟು. ಫಲ ಕಾಣಲೂ ತಡವಾಗುತ್ತದೆ. ನಮಗೆ ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಮೂರನೇ ತಿಂಗಳಿನಲ್ಲಿ ಒಂದು ಬೆಳಿಗ್ಗೆ ಅವಳು ಎದ್ದು, ಸೀನದೆ, ನೇರ ಹಲ್ಲುಜ್ಜಲು ಹೋದಳು. ನಾನು ಅಡುಗೆ ಮನೆಯಲ್ಲಿ ಹಾಲು ಉಕ್ಕುವುದನ್ನೂ ಮರೆತು ನಿಂತಿದ್ದೆ.

ಮೂಗಿನ ಮೇಲಿನ ಗೆರೆ ಈಗ ಹುಡುಕಿದರೆ ಮಾತ್ರ ಕಾಣುತ್ತದೆ. ಮಳೆಗಾಲದಲ್ಲಿ ಒಮ್ಮೊಮ್ಮೆ ಸೀನು ಬರುತ್ತದೆ, ಎದೆಯ ಸದ್ದು ಕಳೆದ ಮಳೆಗಾಲದಲ್ಲಿ ಎರಡೇ ರಾತ್ರಿ ಕೇಳಿಸಿತು.

ಮೊನ್ನೆ ಅವ್ವ ಫೋನ್ ಮಾಡಿದ್ದಳು. ಹಾಸಿಗೆ ಹೋದದ್ದಕ್ಕೆ ಬದಲಾಗಿ ಮೊಮ್ಮಗಳಿಗೆ ಹೊಸ ಕೌದಿ ಹೊಲಿಯುತ್ತಿದ್ದಾಳಂತೆ. ಈ ಸಲ ಹಳೆ ಸೀರೆ ಎರಡೇ ಪದರ, ದಪ್ಪ ಬೇಡ ಅಂತ ಅವಳೇ ತೀರ್ಮಾನ ಮಾಡಿದ್ದಾಳೆ. ಆಮೇಲೆ ಕೇಳಿದಳು, "ನಿಮ್ಮ ಟಬ್ಬ ಎಷ್ಟ ದೊಡ್ಡದ ಅದ ಅಳದ ಹೇಳು. ಸುಡು ನೀರಾಗ ಪೂರ್ತಿ ಮುಳುಗೂ ಹಂಗ ಹೊಲೀತೀನಿ."