ಬನ್ನೇರುಘಟ್ಟದ ಬಗ್ಗೆ ಪರಿಸರ ಸಂವಾದಕ್ಕೆ ಹೊರಟಿದ್ದೀರಾ? ಹೀಗೆ ಸಿದ್ಧರಾಗಿ

ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ, ಆನೇಕಲ್, ಹಾರೋಹಳ್ಳಿ, ಕನಕಪುರ ಕಡೆಯ ಶಾಲೆ ಮತ್ತು ಸಮುದಾಯ ಭವನಗಳಲ್ಲಿ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಬಗ್ಗೆ ಉಪನ್ಯಾಸ, ಸಂವಾದಗಳು ನಡೆಯುತ್ತಿರುತ್ತವೆ. ಬಂದವರಲ್ಲಿ ಹೆಚ್ಚಿನವರು ಆನೆಯ ಫೋಟೊ ನೋಡಿ, ಚಪ್ಪಾಳೆ ತಟ್ಟಿ, ಟೀ ಕುಡಿದು ಹೊರಡುತ್ತಾರೆ. ಅಷ್ಟಕ್ಕೇ ಮುಗಿಯಬಾರದು. ಕಾಡನ್ನು ಬಲ್ಲವರು, ಇಲಾಖೆಯವರು, ಕಾಡಂಚಿನ ರೈತರು ಒಂದೇ ಕಡೆ ಸಿಗುವುದು ಅಪರೂಪ. ಒಂದು ನಕ್ಷೆ, ಒಂದು ಸರಿಯಾದ ಪ್ರಶ್ನೆ ಹಿಡಿದು ಹೋದರೆ ಆ ಎರಡು ಗಂಟೆ ಕಾಡಿನ ಕೆಲಸಕ್ಕೆ ಬರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಸಫಾರಿ, ಮೃಗಾಲಯ, ಚಿಟ್ಟೆ ಉದ್ಯಾನ ಇರುವುದು ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ. 2002ರಲ್ಲಿ ಅದು ರಾಷ್ಟ್ರೀಯ ಉದ್ಯಾನದಿಂದ ಬೇರೆಯಾಗಿ ಕರ್ನಾಟಕ ಮೃಗಾಲಯ ಪ್ರಾಧಿಕಾರದಡಿ ಬಂತು. ರಾಷ್ಟ್ರೀಯ ಉದ್ಯಾನ ಎಂದರೆ 1974ರಲ್ಲಿ ಘೋಷಣೆಯಾಗಿ, ನಂತರ ವಿಸ್ತರಣೆಗೊಂಡು ಇಂದು ಸುಮಾರು 260 ಚದರ ಕಿ.ಮೀ. ಇರುವ ಕಾಡು. ಬನ್ನೇರುಘಟ್ಟ, ಆನೇಕಲ್, ಹಾರೋಹಳ್ಳಿ, ಕೋಡಿಹಳ್ಳಿ ವಲಯಗಳಾಗಿ ಉದ್ದಕ್ಕೆ ಚಾಚಿಕೊಂಡಿರುವ ಇದು ದಕ್ಷಿಣದಲ್ಲಿ ಕಾವೇರಿ ಕಾಡುಗಳಿಗೆ ಸೇರುತ್ತದೆ. ಆನೆಗಳು ಓಡಾಡುವುದು ಇಲ್ಲಿಯೇ. ಸಫಾರಿ ಟಿಕೆಟ್ ದರದ ಪ್ರಶ್ನೆಯನ್ನು ಈ ಕಾಡಿನ ಅಧಿಕಾರಿಗೆ ಕೇಳಿದರೆ ಸಭೆಯ ಸಮಯ ಹಾಳು.

ಹಿಂದಿನ ದಿನದ ಕೆಲಸ

ಈ ಕಾಡಿನ ಬಗ್ಗೆ ಮಾತು ಎಲ್ಲಿ ಶುರುವಾದರೂ ಪರಿಸರ ಸೂಕ್ಷ್ಮ ವಲಯಕ್ಕೆ, ಅಂದರೆ ಉದ್ಯಾನದ ಗಡಿಯ ಹೊರಗೆ ಕೆಲವು ಚಟುವಟಿಕೆಗಳಿಗೆ ನಿರ್ಬಂಧವಿರುವ ಸುತ್ತಲಿನ ಪಟ್ಟಿಗೆ, ಬಂದು ನಿಲ್ಲುತ್ತದೆ. ಕೇಂದ್ರ ಸರ್ಕಾರದ 2016ರ ಕರಡು ಅಧಿಸೂಚನೆಯಲ್ಲಿ ಅದು 268.96 ಚದರ ಕಿ.ಮೀ. ಇತ್ತು. 2020ರ ಮಾರ್ಚ್‌ನಲ್ಲಿ ಹೊರಬಿದ್ದ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಅಂದರೆ ಸುಮಾರು ನೂರು ಚದರ ಕಿ.ಮೀ. ಕಡಿತ. ಈಗ ವಲಯದ ಅಗಲ ಉದ್ಯಾನದ ಗಡಿಯಿಂದ ಕೆಲವೆಡೆ 100 ಮೀಟರ್, ಹೆಚ್ಚೆಂದರೆ 1 ಕಿ.ಮೀ. ಈ ಅಧಿಸೂಚನೆಯನ್ನು ಕೇಂದ್ರ ರಾಜಪತ್ರದ ಜಾಲತಾಣದಿಂದ ಇಳಿಸಿಕೊಳ್ಳಿ. ಮೊದಲರ್ಧ ಹಿಂದಿಯಲ್ಲಿರುತ್ತದೆ, ಇಂಗ್ಲಿಷ್ ಭಾಗ ನಡುವಿನಿಂದ ಶುರು. ಪೂರ್ತಿ ಓದಲೇಬೇಕೆಂದಿಲ್ಲ. ನಿಷೇಧಿತ, ನಿಯಂತ್ರಿತ, ಉತ್ತೇಜಿತ ಚಟುವಟಿಕೆಗಳ ಪಟ್ಟಿ, ಕೊನೆಯಲ್ಲಿರುವ ಹಳ್ಳಿಗಳ ಪಟ್ಟಿ, ಗಡಿಬಿಂದುಗಳ ಅಕ್ಷಾಂಶ ರೇಖಾಂಶದ ಕೋಷ್ಟಕ, ಇಷ್ಟು ನೋಡಿದರೆ ಸಾಕು.

ಆ ಕೋಷ್ಟಕವನ್ನು ಫೋನಿನ ನಕ್ಷೆಗೆ ಹಾಕುವಾಗ ಬಹಳ ಮಂದಿ ಎಡವುತ್ತಾರೆ. ಅಲ್ಲಿರುವುದು ಡಿಗ್ರಿ, ನಿಮಿಷ, ಸೆಕೆಂಡು. 12 ಡಿಗ್ರಿ 48 ನಿಮಿಷ 30 ಸೆಕೆಂಡನ್ನು 12.4830 ಎಂದು ಟೈಪ್ ಮಾಡಿದರೆ ಬಿಂದು ಸುಮಾರು 36 ಕಿ.ಮೀ. ದಕ್ಷಿಣಕ್ಕೆ ಹಾರುತ್ತದೆ. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು: 12 + 0.8 + 0.0083, ಅಂದರೆ 12.8083. ತಪ್ಪು ಬಿಂದು ಹಿಡಿದು ಸಭೆಯಲ್ಲಿ ವಾದಕ್ಕೆ ನಿಂತರೆ, ನಿಮ್ಮ ಉಳಿದ ಮಾತು ಸರಿಯಿದ್ದರೂ ಯಾರೂ ಕಿವಿಗೊಡುವುದಿಲ್ಲ.

ಬಳಿಕ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ನಿಮಗೆ ಬೇಕಾದ ಜಾಗದ ಸರ್ವೆ ನಂಬರ್ ನೋಡಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರನ್ನೂ ಅದು ತೋರಿಸುತ್ತದೆ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸಬಹುದು, ಆದ್ದರಿಂದ ಬದುವಿನ ಪಕ್ಕದ ಜಾಗವಾದರೆ ಅಕ್ಕಪಕ್ಕದ ಎರಡೂ ನಂಬರ್ ಬರೆದಿಟ್ಟುಕೊಳ್ಳಿ. ಹಳ್ಳಿಯ ಹೆಸರು, ಹೋಬಳಿ, ಸರ್ವೆ ನಂಬರ್ ಒಂದು ಹಾಳೆಯಲ್ಲಿರಲಿ. ನಕ್ಷೆಯ ಮುದ್ರಿತ ಪ್ರತಿಯೂ ಜೊತೆಗಿರಲಿ, ಏಕೆಂದರೆ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ.

ಸಭೆ ಉದ್ಯಾನದ ಕಡೆಯೇ ಇದ್ದರೆ ಮೆಜೆಸ್ಟಿಕ್‌ನಿಂದ 365 ನಂಬರಿನ ಬಸ್ ಇದೆ. ವಾಪಸ್ ಬರುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಸಭೆಯ ನಂತರ ಕಾಡಿನಲ್ಲಿ ನಡಿಗೆ ಇದೆ ಎಂದರೆ ಸಂಘಟಕರ ಬಳಿ ಅರಣ್ಯ ಇಲಾಖೆಯ ಅನುಮತಿ ಇದೆಯೇ ಎಂದು ಕೇಳಿ. ಅನುಮತಿ ಇಲ್ಲದೆ ಒಳಹೋಗುವುದು ಅಪರಾಧ.

ಕೂತು ಕೇಳುವಾಗ

ಕಾಲು ಗಂಟೆ ಮೊದಲೇ ಹೋಗಿ ಪರದೆ ಚೆನ್ನಾಗಿ ಕಾಣುವ ಕಡೆ ಕೂರಿ. ನಕ್ಷೆಯ ಸ್ಲೈಡ್ ಬಂದಾಗ ಬಣ್ಣದ ಭಾಗ ಮಾತ್ರ ಫೋಟೊ ಹೊಡೆಯಬೇಡಿ. ಮೂಲೆಯ ಬಣ್ಣಗಳ ವಿವರ, ಅಳತೆಪಟ್ಟಿ, ದಿನಾಂಕ ಮೂರೂ ಬರಬೇಕು. ದಿನಾಂಕವಿಲ್ಲದ ನಕ್ಷೆ 2016ರ ಕರಡಿನದೋ 2020ರ ಅಂತಿಮದ್ದೋ ತಿಳಿಯುವುದಿಲ್ಲ. ಎರಡನ್ನೂ ಬೆರೆಸಿದ ಚಿತ್ರ ವಾಟ್ಸ್ಯಾಪ್‌ನಲ್ಲಿ ಹರಿದಾಡಿದರೆ ಹಳ್ಳಿಯಲ್ಲಿ ಭಯ ಹುಟ್ಟುತ್ತದೆ.

ಆ ಭಯ ನಿಜವಾದದ್ದು, ಗೌರವದಿಂದ ಉತ್ತರಿಸಬೇಕಾದದ್ದು. ವಲಯದೊಳಗೆ ಬಂತೆಂದು ಜಮೀನಿನ ಒಡೆತನ ಬದಲಾಗುವುದಿಲ್ಲ. ಬೇಸಾಯ ಮುಂದುವರಿಯುತ್ತದೆ, ಊರವರು ತಮ್ಮ ವಾಸಕ್ಕೆ ನಿಯಮದಂತೆ ಮನೆ ಕಟ್ಟಿಕೊಳ್ಳಬಹುದು. ನಿಷೇಧವಿರುವುದು ವಾಣಿಜ್ಯ ಗಣಿಗಾರಿಕೆ, ಕಲ್ಲು ಕ್ವಾರಿ, ಕ್ರಷರ್, ಮಾಲಿನ್ಯ ತರುವ ಹೊಸ ಕಾರ್ಖಾನೆ ಮುಂತಾದವಕ್ಕೆ. ಯಾರಾದರೂ ‘ಜಮೀನೆಲ್ಲ ಹೋಗುತ್ತೆ’ ಎಂದರೆ ತಂದಿರುವ ಪಟ್ಟಿಯ ಪುಟವನ್ನು ಅವರ ಕೈಗೆ ಕೊಡಿ.

ಆನೆಗಳ ಮಾತು ಬಂದಾಗ ರೈತರಿಗೆ ಮೊದಲು ಮೈಕ್ ಸಿಗಲಿ. ರಾಗಿ ತೆನೆಗಟ್ಟುವ ಹೊತ್ತಿನಿಂದ ಕಣ ಮುಗಿಯುವವರೆಗೆ ರಾತ್ರಿ ನಿದ್ದೆಗೆಟ್ಟು ಕಾಯುವವರು ಅವರು. ಆನೆ ಕಂದಕ ಎಲ್ಲಿ ಮುಚ್ಚಿಹೋಗಿದೆ, ಎಲ್ಲಿ ಬಂಡೆ ಬಂದು ಅಗೆಯಲಾಗದೆ ಬಿಟ್ಟಿದ್ದಾರೆ, ಯಾವ ಹಳ್ಳದ ಬಳಿ ಮಳೆನೀರು ಮಣ್ಣು ಕೊಚ್ಚಿ ದಾರಿ ಮಾಡಿದೆ ಎಂಬುದು ಅವರ ಬಾಯಲ್ಲಿ ಬರುವಷ್ಟು ಸ್ಪಷ್ಟವಾಗಿ ಯಾವ ಸ್ಲೈಡಿನಲ್ಲೂ ಬರುವುದಿಲ್ಲ. ಅವರು ಹೇಳುವ ಜಾಗಗಳ ಹೆಸರನ್ನು ಅವರ ಉಚ್ಚಾರದಲ್ಲೇ ಬರೆದುಕೊಳ್ಳಿ. ಉಪನ್ಯಾಸ ಪೂರ್ತಿ ಇಂಗ್ಲಿಷಿನಲ್ಲಿ ಸಾಗುತ್ತಿದ್ದರೆ ಕನ್ನಡದಲ್ಲಿ ಹೇಳಿ ಎಂದು ಕೇಳಲು ಸಂಕೋಚ ಬೇಡ. ಕಾಡಂಚಿನವರಿಗೆ ತಿಳಿಯದ ಸಂವಾದ ಸಂವಾದವೇ ಅಲ್ಲ.

ಪ್ರಶ್ನೆ ಕಟ್ಟುವುದು

‘ಆನೆಗಳನ್ನು ಉಳಿಸಲು ನಾವೇನು ಮಾಡಬೇಕು?’ ಎಂದು ಕೇಳಿದರೆ ‘ಜಾಗೃತಿ ಮೂಡಿಸಬೇಕು’ ಎಂಬ ಉತ್ತರ ಬರುತ್ತದೆ, ಮೈಕ್ ಮುಂದಕ್ಕೆ ಹೋಗುತ್ತದೆ. ಪ್ರಶ್ನೆಯಲ್ಲಿ ಒಂದು ಜಾಗ, ಒಂದು ದಿನಾಂಕ, ಒಂದು ದಾಖಲೆ ಇರಲಿ. ಉದಾಹರಣೆಗೆ: ‘ಅಂತಿಮ ಅಧಿಸೂಚನೆ ಬಂದ ಎರಡು ವರ್ಷದೊಳಗೆ ರಾಜ್ಯ ಸರ್ಕಾರ ವಲಯ ಮಹಾಯೋಜನೆ (ವಲಯದಲ್ಲಿ ಯಾವ ಕೆಲಸ ಎಲ್ಲಿ, ಹೇಗೆ ನಡೆಯಬೇಕೆಂಬ ಯೋಜನೆ) ಸಿದ್ಧಪಡಿಸಬೇಕಿತ್ತು. ಅದು ಯಾವ ಹಂತದಲ್ಲಿದೆ? ನಮ್ಮ ಪಂಚಾಯಿತಿಗೆ ಕರಡು ಬಂದಿದೆಯೇ?’ ಇದಕ್ಕೆ ಹೌದು, ಇಲ್ಲ, ಇಂಥ ಕಚೇರಿಯಲ್ಲಿದೆ ಎಂದೇ ಉತ್ತರಿಸಬೇಕಾಗುತ್ತದೆ. ಅರ್ಧ ನಿಮಿಷದಲ್ಲಿ ಓದಿ ಮುಗಿಯುವಂತೆ ಬರೆದು ತನ್ನಿ. ಪೀಠಿಕೆ ಉದ್ದವಾದರೆ ಪ್ರಶ್ನೆ ಕೇಳುವ ಮೊದಲೇ ನಿರೂಪಕರು ತಡೆಯುತ್ತಾರೆ.

ಉತ್ತರ ಕೊಟ್ಟವರ ಹುದ್ದೆ ಬರೆದುಕೊಳ್ಳಿ. ವಲಯ ಅರಣ್ಯಾಧಿಕಾರಿ ಹೇಳಿದ್ದಕ್ಕೂ ಸ್ವಯಂಸೇವಕರು ಹೇಳಿದ್ದಕ್ಕೂ ಮುಂದೆ ಹಿಡಿಯಬೇಕಾದ ದಾರಿ ಬೇರೆ.

ಬಂದ ಮೇಲೆ

ಅದೇ ರಾತ್ರಿ ಟಿಪ್ಪಣಿಯನ್ನು ಬಿಡಿಸಿ ಬರೆಯಿರಿ, ಮರುವಾರಕ್ಕೆ ಹೆಸರುಗಳು ಅದಲುಬದಲಾಗುತ್ತವೆ. ಉತ್ತರ ಸಿಗದೆ ಉಳಿದ ಪ್ರಶ್ನೆಯನ್ನು ಮಾಹಿತಿ ಹಕ್ಕು ಅರ್ಜಿಯಾಗಿಸಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ, ಶುಲ್ಕ 10 ರೂಪಾಯಿ. ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಸಾಕು. ಕಂದಕ, ಮಹಾಯೋಜನೆ, ಕ್ವಾರಿ ಮೂರನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ವಿಷಯ ಒಂದಕ್ಕಿಂತ ಹೆಚ್ಚೆಂದು ತಳ್ಳಿಹಾಕಲು ಕಾರಣ ಸಿಗುತ್ತದೆ. ‘ಏಕೆ ಆಗಿಲ್ಲ’ ಎಂದು ಕೇಳಬೇಡಿ, ದಾಖಲೆಯ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅವಧಿ ಮುಗಿದ 30 ದಿನದೊಳಗೆ ಮೊದಲ ಮೇಲ್ಮನವಿ.

ಸಭೆಯಲ್ಲಿ ಯಾವುದಾದರೂ ಹೊಸ ಕರಡು ಅಧಿಸೂಚನೆಯ ಸುದ್ದಿ ತಿಳಿದರೆ ಉಳಿದದ್ದನ್ನೆಲ್ಲ ಬದಿಗಿಡಿ. ಆಕ್ಷೇಪಣೆಗೆ ಸಾಮಾನ್ಯವಾಗಿ 60 ದಿನ ಮಾತ್ರ. ಸಹಿ ಅಭಿಯಾನದ ಒಂದೇ ಮಾದರಿಯ ಪತ್ರಕ್ಕಿಂತ ಸರ್ವೆ ನಂಬರ್, ಗಡಿಬಿಂದು, ಫೋಟೊ ಇರುವ ನಿಮ್ಮದೇ ಒಂದು ಪುಟಕ್ಕೆ ಹೆಚ್ಚು ತೂಕ. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಿ. ಒಂದು ನಕಲನ್ನು, ಸಭೆಯಲ್ಲಿ ಮಾತಾಡಿದ ರೈತರ ಗ್ರಾಮ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.